ವಂಚನೆಯ ಗುಮಾನಿ ಬಂದಿದೆ: ಯಾವ ಆಡಿಟ್ ಮಾಡಿಸಬೇಕು?

ದಾಸ್ತಾನು ತಾಳೆಯಾಗುತ್ತಿಲ್ಲ, ಒಬ್ಬ ಸರಬರಾಜುದಾರನಿಗೆ ಮಾತ್ರ ಬಿಲ್ ಬಂದ ದಿನವೇ ಹಣ ಹೋಗುತ್ತಿದೆ. ಆಗ ವರ್ಷಾಂತ್ಯದ ಶಾಸನಬದ್ಧ ಆಡಿಟ್‌ಗೆ, ಅಂದರೆ ಕಾನೂನಿನಂತೆ ಮಾಡಿಸಲೇಬೇಕಾದ ಲೆಕ್ಕಪರಿಶೋಧನೆಗೆ, ಕಾಯುವುದು ತಪ್ಪು. ಆ ಆಡಿಟರ್ ಆಯ್ದ ವೋಚರುಗಳನ್ನಷ್ಟೇ ಪರೀಕ್ಷಿಸುತ್ತಾರೆ. ಸಣ್ಣ ಮೊತ್ತದ ನಕಲಿ ಬಿಲ್ಲುಗಳು ನುಸುಳಿಬಿಡುತ್ತವೆ. ಆದರೆ ಅವರ ಹಿಂದೆ ಕಾನೂನಿನ ಬಲವಿದೆ: ನೌಕರರು ಅಥವಾ ಅಧಿಕಾರಿಗಳಿಂದ 1 ಕೋಟಿ ರೂಪಾಯಿ ಇಲ್ಲವೇ ಅದಕ್ಕೂ ಹೆಚ್ಚಿನ ವಂಚನೆ ಕಂಡರೆ 2 ದಿನದೊಳಗೆ ನಿರ್ದೇಶಕರ ಮಂಡಳಿಗೆ ಅಥವಾ ಆಡಿಟ್ ಸಮಿತಿಗೆ (ಲೆಕ್ಕಪತ್ರಗಳ ಮೇಲೆ ಕಣ್ಣಿಡುವ, ಮಂಡಳಿಯ ಸಮಿತಿ) ತಿಳಿಸಿ, 45 ದಿನದೊಳಗೆ ಉತ್ತರ ಕೇಳಬೇಕು, ನಂತರ ಕೇಂದ್ರ ಸರ್ಕಾರಕ್ಕೆ ವರದಿ ಕಳಿಸಲೇಬೇಕು.

ಬ್ಯಾಂಕ್ ಬಾಕಿಯ ದೃಢೀಕರಣ ಪತ್ರ ಬ್ಯಾಂಕಿನಿಂದ ನೇರವಾಗಿ ಆಡಿಟರ್ ಕೈಗೇ ಬರಬೇಕು. 2009ರಲ್ಲಿ ಬಯಲಾದ ಐಟಿ ಕಂಪನಿ ಸತ್ಯಂನ ಹಗರಣದಲ್ಲಿ ಈ ಪತ್ರ ವ್ಯವಹಾರವನ್ನು ಕಂಪನಿಯ ಕೈಗೇ ಬಿಡಲಾಗಿತ್ತು. 5,040 ಕೋಟಿ ರೂಪಾಯಿಯ ನಗದು, ಬ್ಯಾಂಕ್ ಬಾಕಿ ಕಾಗದದ ಮೇಲಷ್ಟೇ ಇತ್ತು.

ಆಂತರಿಕ ಆಡಿಟರ್ ವರ್ಷವಿಡೀ ಒಳಗಿರುತ್ತಾರೆ. ಸರಬರಾಜುದಾರರ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ನೌಕರರ ಸಂಬಳದ ಖಾತೆಗಳೊಂದಿಗೆ ಹೋಲಿಸಿದರೆ ಸಾಕು, ಎಷ್ಟೋ ನಕಲಿ ಸರಬರಾಜುದಾರರು ಅಲ್ಲೇ ಸಿಕ್ಕಿಬೀಳುತ್ತಾರೆ. ವರದಿ ಹಣಕಾಸು ಮುಖ್ಯಸ್ಥರಿಗೆ ಮಾತ್ರ ಹೋದರೆ ಅಲ್ಲೇ ಹೂತುಹೋಗಬಹುದು, ಆಡಿಟ್ ಸಮಿತಿಗೇ ಹೋಗಲಿ. ಶಾಸನಬದ್ಧ ಆಡಿಟರಿಗೇ ಈ ಆಂತರಿಕ ಆಡಿಟ್ ಕೆಲಸವನ್ನೂ ಒಪ್ಪಿಸುವಂತಿಲ್ಲ, ಕಾನೂನು ಬಿಡುವುದಿಲ್ಲ.

ನಿರ್ದಿಷ್ಟ ವ್ಯಕ್ತಿಯ ಮೇಲೆ ಗುಮಾನಿಯಿದ್ದರೆ ನಮ್ಮ ಆಯ್ಕೆ ಫೊರೆನ್ಸಿಕ್ ಆಡಿಟ್, ಅಂದರೆ ವಂಚನೆಯ ಸಾಕ್ಷ್ಯ ಹುಡುಕುವ ತನಿಖೆ. ಖರ್ಚು ಹೆಚ್ಚು, ನಿಜ. ಆದರೆ ಆತನನ್ನು ವಿಚಾರಿಸುವ ಮೊದಲೇ ಲ್ಯಾಪ್‌ಟಾಪ್, ಇಮೇಲ್‌ಗಳ ಪ್ರತಿ ತೆಗೆಸಿಡಿ. ಮೊದಲು ಕರೆದು ಗದರಿಸಿದರೆ ಸಂಜೆಯೊಳಗೆ ಫೈಲುಗಳು ಅಳಿಸಿಹೋಗಿರುತ್ತವೆ.