ಸ್ಟೀಮ್ ವಾಲ್ವಿಗೆ ಪೀಕ್ ಸೀಟು: ನಾಲ್ಕು ವರ್ಷದ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಎರಡು ಲೇತಿನ ಸಣ್ಣ ಶೆಡ್ಡು. ಮದ್ದೂರು ಕಡೆಯ ಒಂದು ರೈಸ್ ಮಿಲ್ಲಿಗೆ ಸ್ಟೀಮ್ ವಾಲ್ವಿನ ಸೀಟು, ಅಂದರೆ ವಾಲ್ವು ಮುಚ್ಚಿದಾಗ ಸ್ಟೀಮ್ ಸೋರದಂತೆ ಅದುಮಿ ಕೂರುವ ಬಳೆ, ಮಾಡಿಕೊಡುತ್ತೇವೆ. ಮೊದಲು ಟೆಫ್ಲಾನ್ ಹಾಕುತ್ತಿದ್ದೆ. ಐದಾರು ತಿಂಗಳಿಗೆ ಸೀಟು ಚಪ್ಪಟೆಯಾಗಿ ಸ್ಟೀಮ್ ಸೋರುತ್ತಿತ್ತು. ಕೊನೆಗೆ ಪೀಕ್ (PEEK) ಅನ್ನುವ, ಹೆಚ್ಚು ಬಿಸಿ ತಡೆಯುವ ಪ್ಲಾಸ್ಟಿಕ್ಕಿನ ರಾಡ್ ತರಿಸಿದೆ. ಬಾಯ್ಲರ್ ನೋಡಿಕೊಳ್ಳುವವರಿಗೆ ನಂಬಿಕೆಯೇ ಇಲ್ಲ. "ಏನ್ ಸಾಮಿ, ಪ್ಲಾಸ್ಟಿಕ್ ಹಾಕ್ತಿದ್ದೀರಲ್ಲ, ಕರಗೋಗಕಿಲ್ವಾ?" ಅಂದರು.

ಪೀಕ್ ಕರಗುವುದು 343 ಡಿಗ್ರಿಗೆ. ಮಿಲ್ಲಿನ 7 ಕೆಜಿ ಪ್ರೆಶರ್ ಸ್ಟೀಮ್ ಸುಮಾರು 170 ಡಿಗ್ರಿ. ಆದರೆ ಟೆಫ್ಲಾನ್ ಕೂಡ 327ರ ತನಕ ಕರಗಲ್ಲ, ಅಲ್ವಾ? ಆದರೂ ಸೋತಿತು. ಬಿಸಿಯಲ್ಲಿ ಅದುಮಿ ಹಿಡಿದರೆ ಆಕಾರ ನಿಲ್ಲುತ್ತಾ ಅನ್ನೋದೇ ಮುಖ್ಯ. ಪೀಕ್ ನಿಂತಿತು. ಈಗ ಸೀಟು ಬದಲಿಸಿದರೆ ಎರಡು ವರ್ಷ ಆ ಕಡೆ ತಲೆ ಹಾಕುವುದಿಲ್ಲ.

ಮೊದಲ ಸೀಟು ಮಾತ್ರ ನಾನೇ ಕೆಡಿಸಿದೆ. ಸ್ಟೀಲಿನ ಲೆಕ್ಕದಲ್ಲಿ ಬಿಗಿಯಾಗಿ ಕೂರಿಸಿದ್ದೆ. ಸ್ಟೀಮ್ ಬಿಟ್ಟ ಅರ್ಧ ಗಂಟೆಗೆ ವಾಲ್ವಿನ ಹಿಡಿ ತಿರುಗಲೇ ಇಲ್ಲ. ಪೀಕ್ ಸ್ಟೀಲಿಗಿಂತ ಸುಮಾರು ನಾಲ್ಕು ಪಟ್ಟು ಹಿಗ್ಗುತ್ತದೆ. 143 ಡಿಗ್ರಿ ದಾಟಿದರೆ ಕೊಂಚ ಮೆತ್ತಗಾಗಿ, ಅದರ ಎರಡರಷ್ಟು ಹಿಗ್ಗುತ್ತದೆ. 50 ಎಂಎಂ ಸೀಟು ನಮ್ಮ ಸ್ಟೀಮಿನಲ್ಲಿ 0.4 ಎಂಎಂ ಬೆಳೆಯುತ್ತದೆ ಅಂದುಕೊಂಡೇ ಈಗ ಜಾಗ ಬಿಡುತ್ತೇನೆ. ಸೀಟು ಆಮೇಲೆ ಸೊಟ್ಟಗಾಗಬಾರದು ಅಂತ, ಅರ್ಧ ಕೊರೆದ ಮೇಲೆ ಓವನ್ನಿನಲ್ಲಿ 200 ಡಿಗ್ರಿಗೆ ನಾಲ್ಕು ಗಂಟೆ ಇಟ್ಟು, ಗಂಟೆಗೆ 10 ಡಿಗ್ರಿಯಂತೆ ಆರಿಸುತ್ತೇನೆ. ಒಂದಿಡೀ ದಿನ ಹೋಗುತ್ತದೆ. ಅವಸರ ಮಾಡಿದ ಸೀಟು ಸೊಟ್ಟಗಾಗಿದೆ.

ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ನೈಲಾನಿನ ಹತ್ತಾರು ಪಟ್ಟು. ಅದಕ್ಕೇ ಮೋಸವೂ ಇದೆ. ಒಬ್ಬ ವ್ಯಾಪಾರಿ ಅದೇ ತಿಳಿಗಂದು ಬಣ್ಣದ ಬೇರೇನನ್ನೋ ಕೊಟ್ಟಿದ್ದರು. ತಕ್ಕಡಿಯಲ್ಲಿ ಸಿಕ್ಕಿಬಿತ್ತು. 50 ಎಂಎಂ ದಪ್ಪ, 100 ಎಂಎಂ ಉದ್ದದ ಪೀಕ್ ತುಂಡು 255 ಗ್ರಾಂ ಆಸುಪಾಸು ತೂಗಬೇಕು. ಅದು 225 ತೂಗಿತು, ನೈಲಾನಿನ ತೂಕ!

ಮೊನ್ನೆ ಪಾಂಡವಪುರದ ಆಲೆಮನೆಯವರೊಬ್ಬರು ಬಂದು, ಪಾಕ ಕಲಕುವ ಯಂತ್ರಕ್ಕೂ ಪೀಕ್ ಬುಷ್ (ತಿರುಗುವ ದಂಡಕ್ಕೆ ಹಾಕುವ ಬಳೆ) ಬೇಕು ಅಂದರು. ಬೆಲ್ಲದ ಪಾಕ 120 ಡಿಗ್ರಿಯ ಆಚೀಚೆ. ಸುಮ್ನೆ ದುಡ್ಡು ಯಾಕೆ ಹಾಳು ಅಂತ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಮಾಡಿಕೊಟ್ಟು ಕಳಿಸಿದೆ.