ಚಾಕೊಲೇಟ್ ಫೌಂಟನ್: ಪ್ಲಾಸ್ಟಿಕ್ಕೋ, ಸ್ಟೀಲೋ, ಬಟ್ಟಲೋ?

ಮನೆ ಕಾರ್ಯಕ್ರಮಕ್ಕೆ ಚಾಕೊಲೇಟ್ ಫೌಂಟನ್, ಅಂದರೆ ಹಣ್ಣು ಅದ್ದಿ ತಿನ್ನಲು ಕರಗಿದ ಚಾಕೊಲೇಟನ್ನು ಧಾರೆಯಾಗಿ ಇಳಿಸುವ ಯಂತ್ರ, ತರುವ ಯೋಚನೆ ಇದ್ದರೆ ಸ್ಟೀಲಿನದ್ದೇ ತನ್ನಿ. ಕಾಲು ತಿರುಗಿಸಿ ಎತ್ತರ ಹೊಂದಿಸುವಂಥದ್ದು ಆಗಿರಬೇಕು. ಶಿರಸಿಯ ನಮ್ಮ ಮನೆಯಲ್ಲಿ ಮೂರು ಬಗೆ ಬಳಸಿದ್ದೇವೆ: ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ ಗೋಪುರದ ಪುಟ್ಟ ಯಂತ್ರ, ಮೇಣದಬತ್ತಿಯ ಮೇಲಿಟ್ಟು ಕರಗಿದ ಚಾಕೊಲೇಟಿನಲ್ಲಿ ಅದ್ದಿ ತಿನ್ನುವ ಫಾಂಡ್ಯೂ ಬಟ್ಟಲು, ಕೊನೆಗೆ ಕೊಂಡ ಮೂರು ಅಂತಸ್ತಿನ ಸ್ಟೀಲ್ ಯಂತ್ರ. ಈಗ ಅಟ್ಟದಿಂದ ಕೆಳಗಿಳಿಯುವುದು ಸ್ಟೀಲಿನದ್ದು ಮಾತ್ರ.

ಎರಡೂ ಫೌಂಟನ್‌ಗಳ ಒಳಗಿನ ಕೆಲಸ ಒಂದೇ. ಕೆಳಗಿನ ಬಿಸಿ ತಟ್ಟೆಯಲ್ಲಿ ಕರಗಿದ ಚಾಕೊಲೇಟ್ ಇರುತ್ತದೆ. ನಡುವಿನ ಕೊಳವೆಯೊಳಗೆ ತಿರುಗುವ ಉದ್ದನೆಯ ತಿರುಪು ಅದನ್ನು ಮೇಲೆತ್ತುತ್ತದೆ. ತುದಿ ಮುಟ್ಟಿದ ಮೇಲೆ ಅಂತಸ್ತಿನಿಂದ ಅಂತಸ್ತಿಗೆ ಪರದೆಯ ಹಾಗೆ ಇಳಿಯುತ್ತದೆ. ಪಂಪಿನಿಂದ ಎತ್ತುವವೂ ಇವೆ. ಲಾಸ್ ವೇಗಸ್‌ನ ಬೆಲಾಜಿಯೊ ಹೋಟೆಲಿನಲ್ಲಿ 2005ರಲ್ಲಿ ಶುರುವಾದ, 26 ಅಡಿಗೂ ಎತ್ತರದ ಫೌಂಟನ್ ಆ ಜಾತಿಯದ್ದು. ಮನೆಗೆ ತಿರುಪಿನದ್ದೇ ಸರಿ, ಬಿಚ್ಚಿ ತೊಳೆಯಲು ಸುಲಭ.

ನಮ್ಮನ್ನು ಗೋಳಾಡಿಸಿದ್ದು ಮಟ್ಟ. ಮಳೆನೀರು ನಿಲ್ಲದೆ ಹರಿದು ಹೋಗಲಿ ಅಂತ ನಮ್ಮ ಕಡೆ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ, ಚಾಕೊಲೇಟಿಗೆ ಗೊತ್ತಾಗುತ್ತದೆ! ಚಪ್ಪರದಡಿ ಮೇಜು ಹಾಕಿ ಪ್ಲಾಸ್ಟಿಕ್ ಯಂತ್ರ ಚಾಲು ಮಾಡಿದರೆ ಒಂದು ಬದಿಗೆ ದಪ್ಪ ಧಾರೆ, ಇನ್ನೊಂದು ಬದಿ ಬೋಳು. ಮಕ್ಕಳೆಲ್ಲ ಧಾರೆ ಇರುವ ಕಡೆಗೇ ನುಗ್ಗಿದರು. ಕೆಳಗಿನ ತಟ್ಟೆಯಲ್ಲೂ ಚಾಕೊಲೇಟ್ ಒಂದೇ ಮಗ್ಗುಲಿಗೆ ಸೇರಿತು. ಆಗ ತಿರುಪು ಗಾಳಿ ಎಳೆದುಕೊಂಡು ಪುಸ್ ಪುಸ್ ಅಂತ ಉಗುಳತೊಡಗಿತು.

ಅದರ ಕಾಲು ಕದಲಿಸಲು ಬರುವುದಿಲ್ಲ. ರಟ್ಟು ಮಡಚಿ ಅಡಿಗಿಟ್ಟೆವು. ಮೋಟಾರಿನ ನಡುಕಕ್ಕೆ ರಟ್ಟು ಸರಿದು ಧಾರೆ ಮತ್ತೆ ಒಂದೇ ಬದಿಗೆ ವಾಲಿತು. ಅತ್ತಿಗೆ ಪಾಪ ಊಟದ ಹೊತ್ತೆಲ್ಲ ಅದರ ಪಕ್ಕವೇ ನಿಂತಿದ್ದರು. ಸ್ಟೀಲಿನದಕ್ಕೆ ತಿರುಪಿನ ಕಾಲುಗಳಿವೆ. ಮೇಸ್ತ್ರಿಯ ರಸಮಟ್ಟವನ್ನು ತಟ್ಟೆಯ ಅಂಚಿನ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ಕಾಲು ತಿರುಗಿಸಿದರೆ ಮುಗಿಯಿತು. ಚಾಕೊಲೇಟ್ ಹೊಯ್ಯುವ ಮೊದಲೇ ಇದನ್ನು ಮಾಡಿ.

ಗಾಳಿಗೆ ಮಾತ್ರ ಸ್ಟೀಲಿನದೂ ಸೋಲುತ್ತದೆ. ಕಾರವಾರದಲ್ಲಿ ಅಕ್ಕನ ಮನೆ ಸಮುದ್ರದ ಕಡೆಗಿದೆ. ಅಲ್ಲಿ ಜಗುಲಿಯ ಮೇಲೆ ಇಟ್ಟಾಗ ಪರದೆ ಹರಿದು ಮೇಜುಬಟ್ಟೆಯ ಮೇಲೆಲ್ಲ ಸಿಡಿಯಿತು. ಒಳಗಿನ ಕೋಣೆಗೆ ಒಯ್ದು ಫ್ಯಾನ್ ಆರಿಸಿದ ಮೇಲೇ ಸರಿಹೋಯಿತು. ಇಂಥ ಕಡೆ ಬಟ್ಟಲೇ ವಾಸಿ. ಚಾಕೊಲೇಟ್ ಫಾಂಡ್ಯೂ ಹುಟ್ಟಿದ್ದು 1960ರ ದಶಕದ ನ್ಯೂಯಾರ್ಕಿನಲ್ಲಿ, ಕೊನ್ರಾಡ್ ಎಗ್ಲಿ ಎಂಬವರ ಸ್ವಿಸ್ ರೆಸ್ಟೋರೆಂಟಿನಲ್ಲಿ. ಗಾಳಿ, ಇಳಿಜಾರು ಯಾವುದೂ ಬಟ್ಟಲಿಗೆ ಲೆಕ್ಕವಿಲ್ಲ. ಆದರೆ ಮಕ್ಕಳು ಬಾಯಿ ಬಿಟ್ಟು ನೋಡುವ ಆ ಧಾರೆಯ ಸೊಗಸು ಬಟ್ಟಲಿಗೆಲ್ಲಿ ಬರಬೇಕು?

ಚಾಕೊಲೇಟಿನ ವಿಷಯ. ಕೊವರ್ಚರ್ ಎಂಬ ಬಗೆಯ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆ ಕನಿಷ್ಠ 31 ಶೇಕಡಾ ಇರುವುದರಿಂದ ತಾನಾಗಿ ಹರಿಯುತ್ತದೆ, ಬೆಲೆಯೂ ಜಾಸ್ತಿ. ನಾವು ಬಳಸುವುದು ಬೇಕರಿಯವರು ತರುವ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುತ್ತದೆ. ಕಿಲೋಗೆ ಸುಮಾರು 100 ಮಿಲಿ ಸೂರ್ಯಕಾಂತಿ ಎಣ್ಣೆ ಬೆರೆಸುತ್ತೇವೆ. ಗಾಣದ ಕೊಬ್ಬರಿ ಎಣ್ಣೆ ಬೇಡ, ಅದರ ವಾಸನೆಯೇ ಮುಂದಾಗುತ್ತದೆ. ನೀರು ಬಿದ್ದರೆ ಕರಗಿದ ಚಾಕೊಲೇಟ್ ಮುದ್ದೆಗಟ್ಟುತ್ತದೆ. ಹಾಗಾಗಿ ಬನವಾಸಿ ಅನಾನಸಿನ ಹೋಳುಗಳನ್ನು ಮೊದಲು ಬಟ್ಟೆಯ ಮೇಲೆ ಹರಡಿ ರಸ ಒರೆಸಿ. ಬಾಳೆಹಣ್ಣಿಗೆ ಈ ತಾಪತ್ರಯವಿಲ್ಲ. ತೆಳ್ಳಗಿನ ಗರಿಗರಿ ಸಿಹಿಯಾದ ತೊಡೆದೇವು ಅದ್ದಲು ಹೋಗಬೇಡಿ, ಪುಡಿ ಬಿದ್ದು ತಿರುಪಿಗೆ ಸೇರುತ್ತದೆ.

ತೊಳೆಯುವಾಗ ಉಳಿದದ್ದನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತದೆ.

ಸ್ಟೀಲ್ ಯಂತ್ರಕ್ಕೆ ಪ್ಲಾಸ್ಟಿಕ್ಕಿನದರ ಹಲವು ಪಟ್ಟು ದುಡ್ಡು ಕೊಟ್ಟಿದ್ದೇವೆ. ನಮ್ಮದು ದೊಡ್ಡ ಬಳಗ. ಉಪನಯನ, ಹುಟ್ಟುಹಬ್ಬ ಅಂತ ಏನಾದರೊಂದು ಇದ್ದೇ ಇರುತ್ತದೆ, ನೆಂಟರೂ ಎರವಲು ಒಯ್ಯುತ್ತಾರೆ. ವರ್ಷಕ್ಕೊಂದು ಹುಟ್ಟುಹಬ್ಬ ಮಾಡುವ ನಾಲ್ಕು ಜನರ ಮನೆಯಾದರೆ ಅಷ್ಟು ದುಡ್ಡು ಹಾಕಬೇಡಿ, ಬಟ್ಟಲು ಸಾಕು. ಪ್ಲಾಸ್ಟಿಕ್ ಗೋಪುರವನ್ನಂತೂ ಅರ್ಧ ಬೆಲೆಗೆ ಕೊಟ್ಟರೂ ನಾನು ಕೊಳ್ಳುವುದಿಲ್ಲ.