ಪಿಎಸ್2 ಸ್ಲಿಮ್: ಲೆನ್ಸ್ ಕೈಗೆ ಸಿಗುತ್ತದೆ, ಕೇಬಲ್ ಡಿಸ್ಕ್ ಕೊರೆಯುತ್ತದೆ

ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 2 ಸ್ಲಿಮ್ ಏನೇನು ಮಾಡುತ್ತದೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. 2004ರಲ್ಲಿ 70000 ಸರಣಿ ಬಂದಾಗಿನಿಂದ ಬೇಕಾದಷ್ಟು ಬರೆದಿದ್ದಾರೆ. ವರ್ಷಗಟ್ಟಲೆ ಬಳಸಿದವರಿಗೆ ಮಾತ್ರ ಗೊತ್ತಾಗುವ ಸಂಗತಿ ಬೇರೆ: ಡಿಸ್ಕ್ ಓದುವ ಲೆನ್ಸಿನಿಂದ ಬೋರ್ಡಿಗೆ ಹೋಗುವ ಅಗಲವಾದ ರಿಬ್ಬನ್ ಕೇಬಲ್. ಇದು ಸಡಿಲಾಗಿ ಮೇಲಕ್ಕೆ ಉಬ್ಬಿದರೆ, ತಿರುಗುತ್ತಿರುವ ಡಿಸ್ಕಿನ ತಳಕ್ಕೆ ತಾಗಿ ಗೀರುತ್ತದೆ. ಡಿಸ್ಕ್ ಓದದಿರುವುದು ಒಂದು ತೊಂದರೆ, ಓದುವ ನೆಪದಲ್ಲಿ ಡಿಸ್ಕನ್ನೇ ಕೊಲ್ಲುವುದು ಇನ್ನೊಂದು. ಎರಡನೆಯದನ್ನು ನಾನು ಕ್ಷಮಿಸಲಾರೆ.

ಗೀರು ಯಾರದು ಅಂತ ಕಂಡುಹಿಡಿಯುವುದು ಸುಲಭ. ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೀರು ಅಂಚಿನ ಗುಂಟ ದುಂಡಗೆ ಸುತ್ತಿದ್ದರೆ ಅದು ಯಂತ್ರದ ಕೆಲಸ, ಅಡ್ಡಾದಿಡ್ಡಿಯಾಗಿದ್ದರೆ ಕೈಯಿಂದ ಆದದ್ದು. ದುಂಡು ಗೀರೇ ಹೆಚ್ಚು ಅಪಾಯ. ಅದು ಡೇಟಾ ಬರೆದಿರುವ ಹಾದಿಯ ಉದ್ದಕ್ಕೂ ಸಾಗುವುದರಿಂದ ಒಂದೇ ಕಡೆ ಸಾಲುಸಾಲು ಮಾಹಿತಿ ಹಾಳಾಗುತ್ತದೆ, ಯಂತ್ರ ಅದನ್ನು ತಿದ್ದಿಕೊಳ್ಳಲಾರದು.

ಎಲ್ಲ ಓದುವ ತೊಂದರೆಗೂ ಕೇಬಲ್ಲನ್ನೇ ದೂರಬಾರದು. ಒಂದೇ ಲೆನ್ಸಿನ ಹಿಂದೆ ಎರಡು ಲೇಸರ್ ಇವೆ: ಸಿಡಿಗೆ 780 ನ್ಯಾನೊಮೀಟರಿನದು, ಡಿವಿಡಿಗೆ 650ರದು. ತಳ ನೀಲಿಯಾಗಿರುವ ಸಿಡಿ ಗೇಮ್‌ಗಳು ಮಾತ್ರ ಓಡದಿದ್ದರೆ ಸಿಡಿ ಲೇಸರ್ ಸೋತಿದೆ. ಗ್ರ್ಯಾನ್ ಟುರಿಸ್ಮೊ 4ರಂಥ ಎರಡು ಪದರದ ಡಿಸ್ಕ್ ಮಾತ್ರ ತಡವರಿಸಿದರೆ ಡಿವಿಡಿ ಲೇಸರ್ ಬಳಲಿದೆ. ಯಾವುದೂ ಓಡದಿದ್ದರೆ ಮೊದಲು ದೂಳನ್ನೇ ಅನುಮಾನಿಸಿ.

ಇಲ್ಲಿ ಸ್ಲಿಮ್ ಮನಸ್ಸು ಗೆಲ್ಲುತ್ತದೆ. ಹಳೆಯ ದಪ್ಪ ಮಾದರಿಯಲ್ಲಿ ಟ್ರೇ ಇರುವುದರಿಂದ ಲೆನ್ಸ್ ಒರೆಸಲು ಇಡೀ ಪೆಟ್ಟಿಗೆ ಬಿಚ್ಚಬೇಕು. ಸ್ಲಿಮ್‌ನಲ್ಲಿ ಮುಚ್ಚಳ ತೆರೆದರೆ ಲೆನ್ಸ್ ಕಣ್ಣೆದುರಿಗೇ ಇರುತ್ತದೆ. ಅಡಾಪ್ಟರ್ ಕಿತ್ತು, ಕ್ಯಾಮೆರಾಗೆ ಬಳಸುವ ರಬ್ಬರ್ ಬ್ಲೋವರಿನಿಂದ ನಾಲ್ಕು ಸಲ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಕೂರುತ್ತದೆ. ಆಮೇಲೆ ಹತ್ತಿಕಡ್ಡಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೇ ಹನಿ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸವರಿ. ಲೆನ್ಸ್ ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಕೆಲಸ ಕೆಡುತ್ತದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ತಾಗಿಸಿದರೆ ಪ್ಲಾಸ್ಟಿಕ್ ಲೆನ್ಸ್ ಮಂಜಾಗುತ್ತದೆ. ಸ್ಯಾನಿಟೈಜರಿನಲ್ಲಿರುವ ಗ್ಲಿಸರಿನ್ ಪದರ ಬಿಡುತ್ತದೆ. ಬೆಂಗಳೂರಿನವರಿಗೆ ಐಸೊಪ್ರೊಪೈಲ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಐದು ನಿಮಿಷ ಒಣಗಲು ಬಿಟ್ಟು, ಡಿಸ್ಕನ್ನು ನಡುವಿನ ಉಬ್ಬಿಗೆ 'ಟಿಕ್' ಅನ್ನುವವರೆಗೆ ಒತ್ತಿ ಕೂರಿಸಿ. ಅರ್ಧ ಕೂತ ಡಿಸ್ಕ್ ಅಲುಗಾಡುತ್ತದೆ, ಅದನ್ನೂ ಜನ ಲೆನ್ಸ್ ಹೋಯಿತು ಅಂದುಕೊಳ್ಳುತ್ತಾರೆ.

ಇನ್ನು ಕೇಬಲ್. ತಳದ ಸ್ಕ್ರೂಗಳು ರಬ್ಬರ್ ಕಾಲುಗಳ ಅಡಿ, ಚಿಕ್ಕ ಮುಚ್ಚಳಗಳ ಅಡಿ ಅಡಗಿವೆ. ಚಿಪ್ಪನ್ನು ರಭಸದಿಂದ ಎಳೆಯಬೇಡಿ, ಒಳಗಿನ ಇತರ ತೆಳು ಕೇಬಲ್‌ಗಳು ಹರಿಯುತ್ತವೆ. ಲೆನ್ಸ್ ಗಾಡಿಯನ್ನು ನಡೆಸುವ ಸುರುಳಿ ಕಂಬಿಯನ್ನು ಬೆರಳಿಂದ ನಿಧಾನವಾಗಿ ತಿರುಗಿಸುತ್ತ ಗಾಡಿಯನ್ನು ಒಳತುದಿಯಿಂದ ಹೊರತುದಿಗೆ ಒಯ್ಯಿರಿ. ಕೇಬಲ್ ಎಲ್ಲಿ ಗೂನುಬೆನ್ನಾಗುತ್ತದೆ ಅಂತ ಆಗ ಕಾಣುತ್ತದೆ. ಅದರ ಮಡಿಕೆಯನ್ನು ಸರಿಪಡಿಸಿ, ಹೆಚ್ಚುವರಿ ಉದ್ದವನ್ನು ಕೆಳಕ್ಕೆ ತಳ್ಳಿ, ಅಲುಗಾಡದ ಭಾಗವನ್ನಷ್ಟೇ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡಿನಿಂದ ತಳಕ್ಕೆ ಅಂಟಿಸಿ. ಬಿಗಿಯಾಗಿ ಅಂಟಿಸಿದರೆ ಗಾಡಿ ತುದಿ ಮುಟ್ಟದೆ ಆಟ ನಡುವೆ ನಿಲ್ಲುತ್ತದೆ. ಸೆಲೋ ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಮತ್ತೆ ಅದೇ ಕಥೆ. ಬಿಚ್ಚಿದ ಮೇಲೆ ಕಂಬಿಗಳ ಹಳೆಯ ಜಿಡ್ಡು ಒರೆಸಿ, ಅಕ್ಕಿಕಾಳಿನಷ್ಟು ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ ದೂಳು ಹಿಡಿದು ಅಂಟಾಗುತ್ತದೆ.

ಲೇಸರ್ ನಿಜವಾಗಿಯೂ ಸತ್ತಿದ್ದರೆ ಸಮಾಧಾನ ಕಡಿಮೆ. ಎಸ್‌ಪಿಯು-3170, ಪಿವಿಆರ್-802ಡಬ್ಲ್ಯೂ, ಟಿಡಿಪಿ-082ಡಬ್ಲ್ಯೂ ಎಂಬ ಹೆಸರುಗಳಲ್ಲಿ ಬಿಡಿಭಾಗ ಸಿಗುತ್ತದೆ. ನಿಮ್ಮ ಲೆನ್ಸಿನ ಮೇಲಿರುವ ಸಂಖ್ಯೆಗೆ ತಾಳೆ ನೋಡಿಯೇ ಕೊಳ್ಳಿ. 'ಹೊಸದು' ಅಂತ ಮಾರುವುದರಲ್ಲಿ ಹಳೆಯ ಯಂತ್ರದಿಂದ ಕಳಚಿ ಒರೆಸಿದ್ದೂ ಸೇರಿರುತ್ತದೆ. ಗಾಡಿಯ ಹಲ್ಲು ಸವೆದಿದ್ದರೆ, ಚಿಕ್ಕ ತಿರುಪುಗಳ ಮೇಲೆ ಸ್ಕ್ರೂಡ್ರೈವರ್ ಗುರುತಿದ್ದರೆ ಹಿಂದಿರುಗಿಸಿ. ಆ ತಿರುಪು ತಿರುಗಿಸಿ ಲೇಸರಿನ ಶಕ್ತಿ ಏರಿಸಿಕೊಡುವ ರಿಪೇರಿಯವರಿದ್ದಾರೆ. ಡಿಸ್ಕ್ ಕೂಡಲೇ ಓಡುತ್ತದೆ, ಆದರೆ ಲೇಸರಿನ ಉಳಿದ ಆಯುಷ್ಯ ಬೇಗ ಕರಗುತ್ತದೆ. ಮಾಡಲೇಬೇಕೆಂದರೆ ಮಲ್ಟಿಮೀಟರಿನಲ್ಲಿ ಆ ತಿರುಪಿನ ಈಗಿನ ರೋಧವನ್ನು (ಓಮ್) ಅಳೆದು ಬರೆದಿಟ್ಟುಕೊಳ್ಳಿ, ಕೂದಲೆಳೆಯಷ್ಟೇ ತಿರುಗಿಸಿ. ಕಾಪಿ ಡಿಸ್ಕ್‌ಗಳು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಬಳಲಿದ ಲೇಸರ್ ಮೊದಲು ಸೋಲುವುದು ಅವುಗಳ ಮುಂದೆಯೇ.

ಬಜೆಟ್ ಚಿಕ್ಕದಿದ್ದು ಲೇಸರ್ ಸತ್ತಿದ್ದರೆ ನನ್ನ ಆಯ್ಕೆ ಬೇರೆ: ಡಿಸ್ಕ್ ಇಲ್ಲದೆ ಗೇಮ್ ಓಡಿಸಲು ದಾರಿ ಮಾಡಿಕೊಡುವ ಫ್ರೀಎಂಸಿಬೂಟ್ ತಂತ್ರಾಂಶ ಹಾಕಿದ ಮೆಮೊರಿ ಕಾರ್ಡ್, ಜೊತೆಗೆ ಕಂಪ್ಯೂಟರಿನಿಂದ ಗೇಮ್ ತರಲು ನೆಟ್‌ವರ್ಕ್ ಕೇಬಲ್. ಸ್ಲಿಮ್‌ನಲ್ಲಿ ಈಥರ್ನೆಟ್ ಕಿಂಡಿ ಇದ್ದೇ ಇದೆ. ಯುಎಸ್‌ಬಿ 1.1 ಆದ್ದರಿಂದ ಪೆನ್‌ಡ್ರೈವ್‌ನಿಂದ ಓಡಿಸಿದರೆ ವಿಡಿಯೊ ತುಣುಕುಗಳು ಎಡವುತ್ತವೆ. 90000 ಸರಣಿಯ ಕೊನೆಯ ಯಂತ್ರಗಳಲ್ಲಿ ಈ ಕಾರ್ಡ್ ನಡೆಯುವುದಿಲ್ಲ, ಕೊಳ್ಳುವ ಮುನ್ನ ಯಂತ್ರದ ಬಯೋಸ್ (ಒಳಗಿನ ಮೂಲ ತಂತ್ರಾಂಶ) 2.30 ಅಲ್ಲ ಅಂತ ಖಚಿತಪಡಿಸಿಕೊಳ್ಳಿ.

ಕೇಬಲ್ ಸರಿಮಾಡಿದ ದಿನ ಪ್ರೀತಿಯ ಗೇಮ್ ಹಾಕಬೇಡಿ. ಬೇಡವಾದ ಡಿಸ್ಕೊಂದನ್ನು ಅರ್ಧ ಗಂಟೆ ಓಡಿಸಿ, ಹೊರತೆಗೆದು ತಳ ನೋಡಿ. ಹೊಸ ದುಂಡು ಗೀರು ಕಂಡರೆ ಟೇಪನ್ನು ಮತ್ತೆ ಬಿಚ್ಚಿ ಹಾಕಬೇಕು.